ಡಾಂಬರು ಕಾಯಿಸಿದ ಶನಿವಾರ

ಲೊವೆಟ್ ಬಂದರಿನಲ್ಲಿ ಪೀಪಾಯಿ ಮಾಡುವವನು ಜೇಬೆಜ್ ಥರ್ಲೊ ಒಬ್ಬನೇ. ಹಾಗಾಗಿ ಊರಿನ ಅತ್ಯುತ್ತಮ ಪೀಪಾಯಿಗಾರ ಅವನೇ ಎಂಬ ಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ. ಅವನಿಗೆ ಅಷ್ಟು ಸಾಲದು. ಬಾಸ್ಟನ್ನಿನಿಂದ ಪೋರ್ಟ್ಸ್‌ಮತ್‌ವರೆಗಿನ ಕರಾವಳಿಯಲ್ಲಿ ತನ್ನಷ್ಟು ಬಿಗಿಯಾಗಿ ಹಲಗೆ ಕೂಡಿಸುವವನು ಇನ್ನೊಬ್ಬ ಹುಟ್ಟಿಲ್ಲವೆಂದು ಹೇಳಿಕೊಳ್ಳುತ್ತಿದ್ದ. ಊರಿನವರು ತಲೆದೂಗಿ ಕೇಳಿಸಿಕೊಳ್ಳುತ್ತಿದ್ದರು. ಪೀಪಾಯಿ ಬೇಕಾದವರಿಗೆ ಬೇರೆ ದಾರಿಯೂ ಇರಲಿಲ್ಲ.

ಪ್ರತಿ ಪೀಪಾಯಿಯ ತಲೆಹಲಗೆಯ ಮೇಲೆ ಮಾಡಿದವನ ಮುದ್ರೆಯನ್ನು ಕಾದ ಕಬ್ಬಿಣದಿಂದ ಒತ್ತಬೇಕೆಂದು ಮ್ಯಾಸಚೂಸೆಟ್ಸ್ ಪ್ರಾಂತ್ಯದ ಕಾನೂನು. ಸೋರಿದರೆ ಯಾರ ಕುತ್ತಿಗೆ ಹಿಡಿಯಬೇಕೆಂದು ತಿಳಿಯಲಿ ಎಂಬುದು ಅದರ ಉದ್ದೇಶ. ಜೇಬೆಜ್ ಅದನ್ನು ತನಗೆ ಸಂದ ಮರ್ಯಾದೆಯೆಂದೇ ತಿಳಿದಿದ್ದ. ಕಾನೂನು ಕೇಳದಿದ್ದರೂ ಮುದ್ರೆಯ ಕೆಳಗೆ ಉಳಿಯಿಂದ ಗೀಟನ್ನೂ ಹಾಕುತ್ತಿದ್ದ. 1766ರಲ್ಲಿ ಮಾಡಿದ್ದಕ್ಕೆ ಒಂದು ಗೀಟು, ಮರುವರ್ಷ ಎರಡು, ಈ ವರ್ಷ ಮೂರು. ಇಪ್ಪತ್ತು ವರ್ಷ ಕಳೆದ ಮೇಲೆ ಯಾರಾದರೂ ನೋಡಿ, ಇಷ್ಟು ಹಳೆಯದಾದರೂ ಒಂದು ಹನಿ ಜಿನುಗುತ್ತಿಲ್ಲವಲ್ಲ ಎಂದು ಬೆರಗಾಗಲಿ ಎಂಬ ಆಸೆ.

ಆ ಪೀಪಾಯಿಗಳಲ್ಲಿ ಹೋಗುವಾಗ ಒಣಮೀನು, ಬರುವಾಗ ಕಾಕಂಬಿ. ಮೀನು ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಕಬ್ಬು ಕಡಿಯುವ ಗುಲಾಮರ ಊಟಕ್ಕೆ, ಕಾಕಂಬಿ ಈ ಊರಿನ ಭಟ್ಟಿಗಳಲ್ಲಿ ರಮ್ಮು ಇಳಿಸುವುದಕ್ಕೆ. ಗುಲಾಮರ ವಿಷಯ ಲೊವೆಟ್ ಬಂದರಿನಲ್ಲಿ ಯಾರೂ ಎತ್ತುತ್ತಿರಲಿಲ್ಲ. ಸ್ವಾತಂತ್ರ್ಯದ ವಿಷಯವನ್ನು ಮಾತ್ರ ದಿನವೂ, ಅದರಲ್ಲೂ ಎರಡನೆಯ ಲೋಟದ ನಂತರ, ಎತ್ತುತ್ತಿದ್ದರು. ಲಂಡನ್ನಿನ ಪಾರ್ಲಿಮೆಂಟು ಫ್ರೆಂಚ್ ದ್ವೀಪಗಳ ಕಾಕಂಬಿಗೆ ಮೊದಲು ಗ್ಯಾಲನ್ನಿಗೆ ಆರು ಪೆನ್ನಿ ಸುಂಕ ಅಂದಿತ್ತು, ಯಾರೂ ಕೊಡಲಿಲ್ಲ. ಮೂರು ಅಂದಿತು, ಬೈದರು. ಕೊನೆಗೆ ಒಂದೇ ಒಂದು ಪೆನ್ನಿ, ಎಲ್ಲ ಕಾಕಂಬಿಗೂ, ಅಂದಿತು. ಆಗಲೂ ಅರ್ಧ ಸರಕನ್ನು ತೋರಿಸಿ ಅರ್ಧವನ್ನು ನುಂಗಿದರು. ಒಂದು ಪೆನ್ನಿ ಹೆಚ್ಚೇನಲ್ಲ ಎಂದು ಯಾರಾದರೂ ಅಂದರೆ ಡೀಕನ್ ಒಬೆಡ್ ಸ್ಯಾಲ್ಟರ್, ಪೆನ್ನಿಯ ಪ್ರಶ್ನೆಯಲ್ಲ, ಕೊಡುವ ಅಭ್ಯಾಸವಾಗಿಬಿಡಬಾರದು ಎನ್ನುತ್ತಿದ್ದರು. ಡೀಕನ್ ಎಂದರೆ ಚರ್ಚಿನ ಹಿರಿಯರು. ಊರಿನ ಅತಿ ದೊಡ್ಡ ಹಡಗು ‘ಪೇಷನ್ಸ್’ ಅವರದೇ. ಸುಂಕದ ಕಟ್ಟೆಯಲ್ಲಿ ಬೈಬಲ್ ಮುಟ್ಟಿ ಸುಳ್ಳು ಲೆಕ್ಕ ಒಪ್ಪಿಸುವುದು ಆಣೆಯ ಲೆಕ್ಕಕ್ಕೆ ಸೇರುವುದಿಲ್ಲವೆಂದು ಅವರು ಎಂದೋ ತೀರ್ಮಾನಿಸಿಕೊಂಡಿದ್ದರು.

ಇಷ್ಟೆಲ್ಲ ಸಲೀಸಾಗಿ ನಡೆಯುತ್ತಿದ್ದುದು ಎನಾಕ್ ಟ್ರಾಸ್ಕ್ ಎಂಬ ಮುದುಕನ ನಿದ್ದೆಯಿಂದ. ಎನಾಕ್ ಇದೇ ಊರಿನವನು, ಸುಂಕದವರ ಹಡಗುಕಾವಲುಗಾರ. ಹಡಗು ದಡ ಸೇರಿದಾಗ ಹತ್ತಿ ಕುಳಿತು, ಏನೇನು ಇಳಿಯುತ್ತದೆಂದು ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಅವನ ಕೆಲಸ. ಹನ್ನೊಂದು ವರ್ಷದಿಂದ ನಡೆದುಬಂದ ಪದ್ಧತಿಯೇ ಬೇರೆ. ಎನಾಕ್ ಹತ್ತಿದ ಕೂಡಲೇ ಕ್ಯಾಪ್ಟನ್ ಅವನನ್ನು ಕೋಣೆಗೆ ಕರೆದೊಯ್ದು ಮೆತ್ತೆ ಹಾಕಿದ ಕುರ್ಚಿಯಲ್ಲಿ ಕೂರಿಸಿ, ಬಿಸಿ ರಮ್ಮು ಕೊಟ್ಟು, ಕಾಲಿನ ಮೇಲೆ ಕಂಬಳಿ ಹೊದಿಸುತ್ತಿದ್ದ. ಎನಾಕ್ ಪ್ರಾಮಾಣಿಕವಾಗಿ ನಿದ್ದೆಹೋಗುತ್ತಿದ್ದ. ಹಟ್ಟಹಗಲಿನಲ್ಲೇ ಸರಕು ಇಳಿದು ಡೀಕನ್ನರ ಉಗ್ರಾಣ ಸೇರಿದ ಮೇಲೆ ಅವನನ್ನು ಮೆಲ್ಲಗೆ ಎಬ್ಬಿಸುತ್ತಿದ್ದರು. ಊರಿಗೆ ಊರೇ ಅವನನ್ನು ಎನಾಕ್ ಮಾಮ ಎನ್ನುತ್ತಿತ್ತು.

ಆ ವರ್ಷ ನವೆಂಬರಿನಲ್ಲಿ ‘ಪೇಷನ್ಸ್’ ಬಂದಾಗ ಎನಾಕ್ ಮಾಮನಿಗೆ ಹಲ್ಲುನೋವು. ಕೆನ್ನೆ ಸೋರೆಬುರುಡೆಯಂತೆ ಊದಿತ್ತು. ಬೆಳಿಗ್ಗೆಯೇ ಜೇಬೆಜನ ಮನೆಗೆ ಬಂದು ಅವನ ಹೆಂಡತಿ ಡಾರ್ಕಸ್‌ಳಿಂದ ಎರಡು ಲವಂಗ ಇಸಿದುಕೊಂಡು ಹೋಗಿದ್ದ. ಕುರ್ಚಿ ಇತ್ತು, ರಮ್ಮು ಇತ್ತು, ಕಂಬಳಿ ಇತ್ತು. ನಿದ್ದೆ ಮಾತ್ರ ಬರಲಿಲ್ಲ. ಪಾಪದವನು ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ದಕ್ಕೆಯ ಮೇಲೆ ಆಚೆಯಿಂದೀಚೆ ಶತಪಥ ಹಾಕುತ್ತಿದ್ದುದನ್ನು ಕಾಕಂಬಿ ಉರುಳಿಸುತ್ತಿದ್ದವರೆಲ್ಲ ನೋಡಿದರು. ನೋಡಿ ನಕ್ಕರು. ಅದು ಮಂಗಳವಾರ.

ಬುಧವಾರ, ಮನೆಗೆ ಹೊಂದಿಕೊಂಡೇ ಇದ್ದ ಜೇಬೆಜನ ಅಂಗಡಿಗೆ ಗಿಲ್ಬಿ ಬಂದ. ಬಾಸ್ಟನ್ನಿನಲ್ಲಿ ಹೊಸದಾಗಿ ಕೂತಿದ್ದ ಸುಂಕದ ಮಂಡಳಿ ಕಳಿಸಿದ ಇನ್‌ಸ್ಪೆಕ್ಟರು. ಇಂಗ್ಲೆಂಡಿನವನು, ಮೂವತ್ತರ ಆಸುಪಾಸು, ಬಹಳ ವಿನಯ. ಬಿಸ್ಕತ್ತು ಇಟ್ಟುಕೊಳ್ಳಲು ಒಂದು ಚಿಕ್ಕ ಪೀಪಾಯಿ ಬೇಕಿತ್ತಂತೆ. ಅಂಗಡಿಯೊಳಗೆ ಬಂದವನು ಬೆಲೆ ಕೇಳಲಿಲ್ಲ. ಹಲಗೆಯ ಅಂಚಿನ ಮೇಲೆ ಬೆರಳಾಡಿಸಿದ. ಎರಡು ಹಲಗೆ ಕೂಡುವ ಕಡೆ ಉಗುರು ತೂರಿಸಲು ನೋಡಿ ಸೋತು, ಹುಬ್ಬೇರಿಸಿದ. ಇಪ್ಪತ್ತೆಂಟು ವರ್ಷದಲ್ಲಿ ಜೇಬೆಜನ ಅಂಗಡಿಯಲ್ಲಿ ಹಾಗೆ ಉಗುರು ತೂರಿಸಿ ನೋಡಿದ ಗಿರಾಕಿ ಅವನೊಬ್ಬನೇ.

ಸುಂಕದವನೆದುರು ಬಾಯಿ ಬಿಡಬಾರದೆಂಬುದು ಲೊವೆಟ್ ಬಂದರಿನ ತೊಟ್ಟಿಲ ಕೂಸಿಗೂ ಗೊತ್ತು. ಜೇಬೆಜನಿಗೂ ಗೊತ್ತಿತ್ತು. ಹವೆಯ ವಿಷಯ ಮಾತಾಡೋಣವೆಂದು ಮನಸ್ಸಿನಲ್ಲೇ ಅಂದುಕೊಂಡ. ಅಷ್ಟರಲ್ಲಿ ಗಿಲ್ಬಿ, ನೊಂದವನ ದನಿಯಲ್ಲಿ, ಬಾಸ್ಟನ್ನಿನ ಪೀಪಾಯಿಗಾರರು ಈ ಉತ್ತರ ಕರಾವಳಿಯ ಮಾಲಿನ ಬಗ್ಗೆ ಹಗುರವಾಗಿ ಮಾತಾಡುತ್ತಾರೆ, ಹತ್ತಕ್ಕೆ ಎರಡು ದಾರಿಯಲ್ಲೇ ಸೋರಿ ಖಾಲಿಯಾಗುತ್ತವೆ ಅನ್ನುತ್ತಾರೆ, ಇದನ್ನು ನೋಡಿದರೆ ಹಾಗನ್ನಿಸುವುದಿಲ್ಲವಪ್ಪ ಎಂದ.

“ಯಾವನ್ರೀ ಹಾಗಂದೋನು?” ಎಂದ ಜೇಬೆಜ್. “ಪೇಷನ್ಸ್‌ನಲ್ಲಿ ಅರವತ್ನಾಲ್ಕು ಹೋದವು, ಅರವತ್ನಾಲ್ಕೂ ತುಂಬ್ಕೊಂಡು ವಾಪಸ್ ಬಂದವು. ಒಂದು ಲೋಟ ಚೆಲ್ಲಿಲ್ಲ. ಈ ವರ್ಷದ್ದಕ್ಕೆ ಮೂರು ಗೀಟು ಹಾಕಿರ್ತೀನಿ. ಬೇಕಾದ್ರೆ ಹೋಗಿ ಒಂದೊಂದನ್ನೂ ತಟ್ಟಿ ನೋಡ್ಕೊಳ್ಳಿ.”

ಗಿಲ್ಬಿ ನೋಡಿಕೊಳ್ಳುತ್ತೇನೆ ಎಂದ. ಬಿಸ್ಕತ್ತಿನ ಪೀಪಾಯಿಯನ್ನು ಕಂಕುಳಲ್ಲಿಟ್ಟುಕೊಂಡು, ಟೋಪಿ ಮುಟ್ಟಿ ಹೊರಟುಹೋದ. ಬಾಯಿ ಬಿಟ್ಟೆನೆಂದು ಜೇಬೆಜನಿಗೆ ಆಗ ಹೊಳೆಯಿತು. ಏನೂ ಆಗುವುದಿಲ್ಲ ಎಂದುಕೊಂಡು ಕೆಲಸಕ್ಕೆ ಕೂತ.

ಗುರುವಾರ ಬೆಳಿಗ್ಗೆ ರಾಜನ ಯುದ್ಧನೌಕೆಯ ದೋಣಿಯಲ್ಲಿ ಹನ್ನೆರಡು ಜನ ಸಿಪಾಯಿಗಳು ಬಂದಿಳಿದರು. ಗಿಲ್ಬಿ ನೇರ ಡೀಕನ್ನರ ಉಗ್ರಾಣಕ್ಕೆ ನಡೆದ. ಬಾಗಿಲ ಬಳಿ ಸೇರಿದ ಜನರಲ್ಲಿ ಜೇಬೆಜನೂ ಇದ್ದ. ಗಿಲ್ಬಿ ಒಂದೊಂದು ಪೀಪಾಯಿಯ ಮುಂದೂ ಬಗ್ಗಿ, ಮುದ್ರೆಯ ಕೆಳಗೆ ಬೆರಳಿಟ್ಟು ನೋಡಿ, ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋದ. ಒಂದು ಗೀಟಿನವನ್ನೂ ಎರಡು ಗೀಟಿನವನ್ನೂ ಮುಟ್ಟಲಿಲ್ಲ. ಗುರುತು ಬಿದ್ದವು ಅರವತ್ನಾಲ್ಕು, ಡೀಕನ್ನರು ಸುಂಕಕ್ಕೆ ಒಪ್ಪಿಸಿದ ಕಾಗದದಲ್ಲಿ ಇದ್ದುದು ಮೂವತ್ತು. ಮಧ್ಯಾಹ್ನದ ಹೊತ್ತಿಗೆ ಕಾಕಂಬಿಯೂ ಜಫ್ತಿ, ‘ಪೇಷನ್ಸ್’ ಕೂಡ ಜಫ್ತಿ. ಹಡಗನ್ನು ಬಾಸ್ಟನ್ನಿಗೆ ಎಳೆದುಕೊಂಡು ಹೋಗುವುದನ್ನು ಊರು ದಡದಲ್ಲಿ ನಿಂತು ನೋಡಿತು. ಅದರ ಮೇಲೆ ಇಪ್ಪತ್ತು ಮನೆಗಳ ಅನ್ನ ನಡೆಯುತ್ತಿತ್ತು.

ಮನೆಗೆ ಬಂದ ಜೇಬೆಜ್ ಊಟಕ್ಕೆ ಕೂತ. ಡಾರ್ಕಸ್ ತಟ್ಟೆಯಿಟ್ಟು, ಬಡಿಸದೆ ನಿಂತಳು.

“ಅರವತ್ನಾಲ್ಕು ಅಂತ ನೀವು ಹೇಳಿದ್ದು ನಂಗೆ ಅಡುಗೆಮನೆವರೆಗೂ ಕೇಳಿಸ್ತು ರೀ,” ಎಂದಳು.

ಆಮೇಲೆ ಬಡಿಸಿದಳು.

ಶುಕ್ರವಾರ ಪಡಖಾನೆಯಲ್ಲಿ ಊರು ಸೇರಿ ಚಾಡಿಕೋರನನ್ನು ಹುಡುಕಿತು. ಸುಳಿವು ಕೊಟ್ಟವನಿಗೆ ಜಫ್ತಿಯಾದ ಸರಕಿನಲ್ಲಿ ಮೂರನೆಯ ಒಂದು ಪಾಲು ಎಂದು ಕಾನೂನು. ಆದ್ದರಿಂದ ಯಾರೋ ದುಡ್ಡಿಗಾಗಿಯೇ ಹೇಳಿರಬೇಕು. ಬರೀ ಒಣಹೆಮ್ಮೆಗೆ ಯಾರಾದರೂ ಹೇಳಬಹುದೆಂಬುದು ಯಾರ ತಲೆಗೂ ಹೊಳೆಯಲಿಲ್ಲ. ಹೆಚ್ಚು ಹೊತ್ತು ಹುಡುಕಬೇಕಾಗಲೂ ಇಲ್ಲ. ‘ಪೇಷನ್ಸ್’ನ ಕ್ಯಾಪ್ಟನ್ ಅಮೋಸ್ ಪೆರ್ಲಿ ಮೇಜು ಕುಟ್ಟಿ, ಹನ್ನೊಂದು ವರ್ಷ ಕೊರಡಿನ ಹಾಗೆ ಬಿದ್ದಿದ್ದ ಮುದುಕ ಸರಿಯಾಗಿ ಆವತ್ತೇ ಯಾಕೆ ಎಚ್ಚರವಿದ್ದ ಎಂದು ಕೇಳಿದ. ಮಂಗಳವಾರ ನೋಡಿ ನಕ್ಕವರಿಗೆ ಈಗ ಆ ನಡಿಗೆಯಲ್ಲಿ ಎಣಿಕೆಯ ಠೀವಿ ಕಾಣಿಸಿತು. ಹಲ್ಲುನೋವು ಬರೀ ಸೋಗು, ಕೆನ್ನೆಯೊಳಗೆ ಸೇಬಿನ ಹೋಳು ಇಟ್ಟುಕೊಂಡಿದ್ದ ಎಂದು ಒಬ್ಬ ಹೇಳಿದ; ಅದನ್ನು ತಾನೂ ಗಮನಿಸಿದ್ದೆ ಎಂದು ಇನ್ನೊಬ್ಬ ಹೇಳಿದ.

ಜೇಬೆಜ್ ಮೂಲೆಯಲ್ಲಿದ್ದ. ಹಲ್ಲುನೋವು ನಿಜ, ತನ್ನ ಹೆಂಡತಿಯೇ ಲವಂಗ ಕೊಟ್ಟಳು ಎಂದ. ಅಷ್ಟು ಹೇಳಿದ್ದಕ್ಕೇ ತಾನು ದೊಡ್ಡ ಧೈರ್ಯ ಮಾಡಿದೆ ಅನ್ನಿಸಿತು ಅವನಿಗೆ. ನಿಮ್ಮ ಮನೆಯ ಲವಂಗವೂ ಆ ಕಳ್ಳನ ಪಾಲಾಯಿತೇ ಎಂದು ಪೆರ್ಲಿ ಕನಿಕರಪಟ್ಟ. ಜೇಬೆಜ್ ಲೋಟ ನೋಡುತ್ತ ಕೂತ. ಮಿಕ್ಕಿದ್ದನ್ನು ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಎರಡು ತಿಂಗಳ ಹಿಂದಷ್ಟೇ ಸೇಲಂನಲ್ಲಿ ಒಬ್ಬ ಸುಂಕದ ಚಾಡಿಕೋರನಿಗೆ ಡಾಂಬರು ಬಳಿದು, ಪುಕ್ಕ ಅಂಟಿಸಿ, ಬೀದಿ ಸುತ್ತಿಸಿದ್ದರು. ಆ ಸುದ್ದಿಯನ್ನು ಲೊವೆಟ್ ಬಂದರಿನಲ್ಲಿ ಹೊಟ್ಟೆಕಿಚ್ಚಿನಿಂದ ಹೇಳಿಕೊಳ್ಳುತ್ತಿದ್ದರು.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಜೇಬೆಜನ ಅಂಗಡಿಯ ಮುಂದೆ ಗಾಡಿಯೊಂದು ನಿಂತಿತು. ಗಾಡಿಯಲ್ಲಿ ಎನಾಕ್ ಮಾಮ ಕೂತಿದ್ದ, ಕೈ ಹಿಂದಕ್ಕೆ ಕಟ್ಟಿ. ಕೆನ್ನೆಯ ಬಟ್ಟೆ ಇನ್ನೂ ಇತ್ತು. ಸುತ್ತ ನಲವತ್ತು ಐವತ್ತು ಜನ. ಪೆರ್ಲಿಯ ಕೈಯಲ್ಲಿ ಹಡಗಿನ ತಳಕ್ಕೆ ಬಳಿಯುವ ಡಾಂಬರಿನ ಪಾತ್ರೆ, ಇನ್ನೊಬ್ಬನ ಹೆಗಲ ಮೇಲೆ ಡೀಕನ್ನರ ಹೆಂಡತಿ ಕೊಟ್ಟ ಹಳೆಯ ಬಾತುಪುಕ್ಕದ ದಿಂಬು. ಡೀಕನ್ನರು ಬಂದಿರಲಿಲ್ಲ, ಅವರಿಗೆ ಮರುದಿನದ ಪ್ರಾರ್ಥನೆಯ ಸಿದ್ಧತೆ ಇತ್ತು. ಚಳಿಗೆ ಡಾಂಬರು ಕಲ್ಲಿನಂತೆ ಗಟ್ಟಿಯಾಗಿತ್ತು. ಪೀಪಾಯಿಯ ಹಲಗೆ ಬಗ್ಗಿಸಲು ಜೇಬೆಜನ ಅಂಗಡಿಯಲ್ಲಿ ಸದಾ ಬೆಂಕಿ ಇರುತ್ತದೆಂದು ಎಲ್ಲರಿಗೂ ಗೊತ್ತು. ಸ್ವಲ್ಪ ಕಾಯಿಸಿ ಕೊಡಬೇಕಂತೆ.

ಜೇಬೆಜ್ ಹೊರಗೆ ಬಂದು ಆಕಾಶ ನೋಡಿದ. ಅವರಲ್ಲಿ ಸಬ್ಬತ್, ಅಂದರೆ ಭಾನುವಾರದ ದೇವರ ವಿಶ್ರಾಂತಿ, ಶನಿವಾರದ ಸೂರ್ಯಾಸ್ತಕ್ಕೇ ಆರಂಭ. ಸೂರ್ಯ ಮುಳುಗಿದ ಮೇಲೆ ಕಸ ಗುಡಿಸುವಂತಿಲ್ಲ, ಕಟ್ಟಿಗೆ ಒಡೆಯುವಂತಿಲ್ಲ, ಭಾನುವಾರದ ಅವರೆಕಾಳು ಕೂಡ ಶನಿವಾರವೇ ಒಲೆ ಸೇರಿರಬೇಕು. ಮನುಷ್ಯನಿಗೆ ಡಾಂಬರು ಬಳಿಯುವುದೂ ಕೆಲಸವೇ. ನವೆಂಬರಿನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಬಳಿದು, ಪುಕ್ಕ ಅಂಟಿಸಿ, ಊರು ಸುತ್ತಿಸಲು ಅರ್ಧ ಗಂಟೆಯಾದರೂ ಬೇಕು. ನಾಲ್ಕರವರೆಗೆ ತಳ್ಳಿದರೆ ಸಾಕು, ಸೋಮವಾರದವರೆಗೆ ಎನಾಕ್ ಮಾಮ ಬಚಾವು. ಸೋಮವಾರದ ಹೊತ್ತಿಗೆ ಊರಿನ ಕಾವು ಇಳಿದಿರುತ್ತದೆ. ತಾನು ಬಾಯಿ ಬಿಡುವ ಪ್ರಮೇಯವೇ ಬರುವುದಿಲ್ಲ.

ಈ ಉಪಾಯ ಹೊಳೆದದ್ದೇ ಜೇಬೆಜನ ಎದೆ ಹಗುರಾಯಿತು. ಪಾತ್ರೆ ಇಸಿದುಕೊಂಡು ಒಳಗೆ ಹೋದ. ಮೊದಲು ಬೂದಿ ತೆಗೆದ. ಹೆರೆದ ಚಕ್ಕೆಗಳನ್ನು ಆರಿಸಿ ಆರಿಸಿ ಹಾಕಿದ. ಬೆಂಕಿ ಏಳುವವರೆಗೆ ಕಾದು, ಪಾತ್ರೆಯಿಟ್ಟು, ಕೋಲಿನಿಂದ ತಿರುವತೊಡಗಿದ. ಆಯಿತೇ ಎಂದು ಹೊರಗಿನಿಂದ ಕೇಳಿದರು. ತಳದಲ್ಲಿ ಇನ್ನೂ ಗಟ್ಟಿಯಿದೆ ಎಂದ. ಮೂರೂವರೆಗೆ ಮತ್ತೆ ಕೇಳಿದರು. ಡಾಂಬರನ್ನು ಅವಸರದಲ್ಲಿ ಕಾಯಿಸಿದರೆ ಹೊತ್ತಿಕೊಂಡು ಬೀದಿಗೆ ಬೀದಿಯೇ ಉರಿದುಹೋಗುತ್ತದೆಂದು ಒಂದು ಸಣ್ಣ ಭಾಷಣ ಮಾಡಿದ. ನೆರಳು ಉದ್ದವಾಗುತ್ತಿತ್ತು. ಜನ ಕಾಲು ಬಡಿಯುತ್ತಿದ್ದರು, ಒಬ್ಬಿಬ್ಬರು ಅವರೆಕಾಳಿನ ನೆನಪಾಗಿ ಮನೆಗೂ ಹೋದರು.

ತಿರುವುತ್ತಲೇ ತಲೆಯೆತ್ತಿದರೆ, ತೆರೆದ ಬಾಗಿಲಿನಾಚೆ ಗಾಡಿಯ ಮೇಲಿಂದ ಎನಾಕ್ ಮಾಮ ಅವನನ್ನೇ ನೋಡುತ್ತಿದ್ದ. ಅನ್ನ ಹಾಕಿದವನಿಗೆ ಮಾಡುವ ಹಾಗೆ, ಯಾರಿಗೂ ಕಾಣದಂತೆ, ಸ್ವಲ್ಪವೇ ತಲೆ ಬಾಗಿಸಿದ. ಮುದುಕನಿಗೆ ಉಪಾಯ ಅರ್ಥವಾಗಿತ್ತು. ಜೇಬೆಜ್ ಕಣ್ಣು ಕೆಳಗಿಳಿಸಿದ. ಆಗ ನೋಡಿದ: ಡಾಂಬರು ನೀರಿನಂತೆ ತೆಳ್ಳಗಾಗಿ, ಅಂಚಿನಲ್ಲಿ ಕುದಿದು ಗುಳ್ಳೆಯೊಡೆಯುತ್ತಿತ್ತು.

ಪೆರ್ಲಿಗೆ ಅದೇ ಹೊತ್ತಿಗೆ ಸೂರ್ಯನ ಕಡೆ ಲಕ್ಷ್ಯ ಹೋಗಿರಬೇಕು. ದಡದಡ ಒಳಬಂದು ಪಾತ್ರೆಯ ಕಿವಿಗೆ ಬಟ್ಟೆ ಸುತ್ತಿ ಎತ್ತಿದ. ಜೇಬೆಜ್ ಅವನ ತೋಳು ಹಿಡಿದ.

“ತಡೀರಿ ಕ್ಯಾಪ್ಟನ್, ತುಂಬಾ ಬಿಸಿ ಇದೆ. ಆರ್ಲಿ ಸ್ವಲ್ಪ.”

“ಈಗ ತಾನೆ ಇನ್ನೂ ಕಾದಿಲ್ಲ ಅಂದೆ, ಈಗ ಆರ್ಲಿ ಅಂತೀಯ? ಹೊತ್ತು ಮುಳುಗ್ತಾ ಇದೆ ಮಾರಾಯ, ಬಿಡು.”

ಬಿಟ್ಟ. ಆಗಲಾದರೂ ಹೇಳಬಹುದಿತ್ತು. ಒಂದೇ ವಾಕ್ಯ. ಪಾತ್ರೆ ಅಂಗಡಿಯಿಂದ ಗಾಡಿಗೆ ಹೋಗಲು ಎಂಟು ಹೆಜ್ಜೆ. ಆ ಎಂಟು ಹೆಜ್ಜೆಯಲ್ಲಿ ಅವನು ವಾಕ್ಯವನ್ನು ಕೂಡಿಸಿಯೂ ಇದ್ದ. ಅದು ಹಲ್ಲಿನವರೆಗೆ ಬಂದು ನಿಂತಿತು.

ಆರಿದ ಡಾಂಬರು ಅವಮಾನ ಮಾತ್ರ ಮಾಡುತ್ತದೆ, ಕುದಿಯುವ ಡಾಂಬರು ಚರ್ಮ ತೆಗೆಯುತ್ತದೆ. ಎನಾಕ್ ಮಾಮ ಕೂಗಿದ ಕೂಗಿಗೆ ಪುಕ್ಕದ ದಿಂಬು ಹಿಡಿದಿದ್ದವನು ಹಿಂದೆ ಸರಿದ. ಆದರೆ ಅರ್ಧಕ್ಕೆ ನಿಲ್ಲಿಸಿದರೆ ತಪ್ಪು ಮಾಡಿದೆವೆಂದು ಒಪ್ಪಿಕೊಂಡಂತೆ. ಬೆನ್ನು, ಹೆಗಲು, ಎರಡೂ ತೋಳು ಬೇಗಬೇಗ ಬಳಿದು ಮುಗಿಸಿದರು. ಪುಕ್ಕ ಅಂಟಿಸಿದರು. ಗಾಡಿ ಮುಖ್ಯ ಬೀದಿಯಲ್ಲಿ ಹೋಗಿ ಬಂತು, ಮುದುಕ ಕಿರುಚುವುದನ್ನು ನಿಲ್ಲಿಸಿದ್ದರಿಂದ ಸಲೀಸಾಯಿತು. ಸೂರ್ಯ ಮುಳುಗುವಾಗ ಬೀದಿ ಖಾಲಿ. ಎಲ್ಲ ಮನೆಗಳಿಂದ ಕಾಕಂಬಿ ಹಾಕಿ ಬೇಯಿಸಿದ ಅವರೆಕಾಳಿನ ಪರಿಮಳ ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಜೇಬೆಜ್ ಕಾಗದದ ಮೇಲೆ ಐದು ಸಾಲು ಬರೆದ. ಪಾಪ ಮಾಡಿದವನು ಅದನ್ನು ಬರೆದು ಪಾದ್ರಿಯ ಕೈಗೆ ಕೊಡುವುದು, ಪಾದ್ರಿ ಅದನ್ನು ಸಭೆಗೆ ಓದುವಾಗ ಎದ್ದು ನಿಲ್ಲುವುದು, ಸಭೆ ಕೈಯೆತ್ತಿ ಕ್ಷಮಿಸುವುದು ಅಲ್ಲಿಯ ಪದ್ಧತಿ. ಹೆಚ್ಚಾಗಿ ಮದುವೆಯಾಗಿ ಆರೇ ತಿಂಗಳಿಗೆ ತೊಟ್ಟಿಲು ಕಟ್ಟಿದವರು ಹಾಗೆ ನಿಲ್ಲುತ್ತಿದ್ದರು. ಐವತ್ತಾರು ವರ್ಷದ ಜೇಬೆಜ್ ಕಾಗದ ಕೊಟ್ಟಾಗ ಪಾದ್ರಿ ವಿಗಿನ್ನರು ಮೊದಲು ಗಾಬರಿಯಾದರು. ಓದಿದ ಮೇಲೆ ಇನ್ನಷ್ಟು ಗಾಬರಿಯಾದರು. ಪ್ರಾರ್ಥನಾ ಮಂದಿರದ ಮೊದಲ ಸಾಲಿನಲ್ಲಿ ಡೀಕನ್ ಸ್ಯಾಲ್ಟರ್ ಕೂತಿದ್ದರು. ಪಾದ್ರಿಗಳ ಚಳಿಗಾಲದ ಸೌದೆ ಅವರ ಕಾಡಿನಿಂದ ಬರಬೇಕು.

ಜೇಬೆಜ್ ಎದ್ದು ನಿಂತ. ಪಾದ್ರಿಗಳು ಕೆಮ್ಮಿ, ಸಹೋದರ ಥರ್ಲೊ ತನ್ನ ಕೈಕೆಲಸದ ಬಗ್ಗೆ ಅತಿಯಾದ ಹೆಮ್ಮೆ ತಾಳಿ, ಅನ್ಯರೊಡನೆ ವ್ಯರ್ಥ ಮಾತಾಡಿದ ಪಾಪವನ್ನು ಒಪ್ಪಿಕೊಂಡು ಕ್ಷಮೆ ಬೇಡುತ್ತಾನೆ ಎಂದು ಓದಿ ಕಾಗದ ಮಡಚಿದರು. ಸಭೆಯಲ್ಲಿ ನಗು ಹರಿದಾಡಿತು. ಜೇಬೆಜನ ಹೆಮ್ಮೆ ಊರಿಗೆ ಹೊಸದೇ? ಕೈಗಳು ಲವಲವಿಕೆಯಿಂದ ಎದ್ದವು. ಅವನು ಕೂರಬೇಕಿತ್ತು. ಹೆಂಗಸರ ಸಾಲಿನಲ್ಲಿ ಡಾರ್ಕಸ್ ಕೈಯೆತ್ತದೆ ಅವನನ್ನೇ ನೋಡುತ್ತಿದ್ದಳು.

“ಪಾದ್ರಿಗಳು ಪೂರ್ತಿ ಓದ್ಲಿಲ್ಲ,” ಎಂದ. “ಗಿಲ್ಬಿಗೆ ಹೇಳಿದ್ದು ನಾನು. ಎಷ್ಟು ಪೀಪಾಯಿ, ಗುರುತು ಏನು, ಎಲ್ಲಾನೂ ನಾನೇ ಹೇಳ್ದೆ. ಎನಾಕ್ ಮಾಮ ಏನೂ ಹೇಳಿಲ್ಲ. ಅವನಿಗೆ ಹಲ್ಲುನೋವಿತ್ತು, ಅಷ್ಟೇ.”

ಪೆರ್ಲಿ ಅರ್ಧ ಎದ್ದ. ಜೇಬೆಜ್ ಕಣ್ಣುಮುಚ್ಚಿದ, ಒಂದು ಬಗೆಯ ನೆಮ್ಮದಿಯೂ ಆಯಿತು, ಇನ್ನು ಬರುವುದು ಬರಲಿ ಎಂದು. ಬಂದದ್ದು ಡೀಕನ್ನರ ದನಿ. ಅವರು ನಿಧಾನವಾಗಿ ಎದ್ದು ಸಭೆಯ ಕಡೆ ತಿರುಗಿ, ನಿನ್ನೆ ಸಹೋದರ ಥರ್ಲೊನ ಬೆಂಕಿಯಲ್ಲಿ ಆ ಡಾಂಬರು ಕಾದದ್ದರಿಂದ ಅವನ ಮೃದುವಾದ ಮನಸ್ಸು ನೊಂದಿದೆ, ಒಬ್ಬ ದ್ರೋಹಿಯ ಹೊರೆಯನ್ನು ತಾನು ಹೊರಲು ಮುಂದಾಗಿದ್ದಾನೆ, ಇಂಥ ಕರುಣೆ ನಮ್ಮಲ್ಲಿ ಎಷ್ಟು ಜನಕ್ಕಿದೆ ಎಂದು ಕೇಳಿದರು. ಪೆರ್ಲಿ ಕೂತ. ಮುದುಕಿಯೊಬ್ಬಳು ಮೂಗು ಸೀಟಿಕೊಂಡಳು. ಪಾದ್ರಿ ವಿಗಿನ್ನರು ತಟ್ಟನೆ ಭಜನೆ ಎತ್ತಿಕೊಂಡರು, ಎಂದೂ ಇಲ್ಲದಷ್ಟು ಗಟ್ಟಿಯಾಗಿ.

ಹೊರಗೆ ಕುದುರೆ ಕಟ್ಟುವ ಕಡೆ ಡೀಕನ್ನರು ಅವನನ್ನು ಪಕ್ಕಕ್ಕೆ ಕರೆದರು. ಜೇಬೆಜ್ ತಾನು ಹೇಳಿದ್ದು ಕರುಣೆಯಲ್ಲ, ಸತ್ಯ ಎಂದ.

“ಗೊತ್ತು ಕಣಯ್ಯಾ,” ಎಂದರು ಡೀಕನ್. “ಮೂರು ಗೀಟಿನದನ್ನ ಮಾತ್ರ ಆರಿಸ್ದ ಅಂದ್ಮೇಲೆ ನಂಗೆ ತಿಳಿಯೋದಿಲ್ವಾ? ಶುಕ್ರವಾರವೇ ತಿಳೀತು.”

“ಶುಕ್ರವಾರವೇ ತಿಳಿದು…”

“ತಿಳಿದು ಏನ್ಮಾಡ್ಬೇಕಿತ್ತು? ಚಳಿಗಾಲದ ಮೀನಿಗೆ ಆರುನೂರು ಪೀಪಾಯಿ ಬೇಕು. ಅದನ್ನ ಎನಾಕ್ ಮಾಡ್ತಾನಾ? ಮತ್ತೆ ಇದನ್ನೂ ಯೋಚನೆ ಮಾಡು. ನಿನ್ನ ಮಾತು ನಿಜ ಅಂತ ಊರು ಒಪ್ಕೊಂಡ್ರೆ, ಶನಿವಾರ ಊರು ಮಾಡಿದ್ದು ಏನು ಅಂತಾಗುತ್ತೆ?”

ಡೀಕನ್ನರು ಅವನ ಭುಜ ತಟ್ಟಿ ಕುದುರೆ ಹತ್ತಿದರು.

ಸೋಮವಾರ ಅವನು ಹಂದಿಕೊಬ್ಬಿನ ಗಡಿಗೆ ಹಿಡಿದು ಎನಾಕ್ ಮಾಮನ ಮನೆಗೆ ಹೋದ. ಅಂಟಿದ ಡಾಂಬರು ಬಿಡಿಸಲು ಅದೇ ಮದ್ದು. ಬಾಗಿಲು ತೆರೆದವಳು ಮುದುಕನ ಮಗಳು ಹಲ್ಡಾ, ನಲವತ್ತರ ಹೆಂಗಸು, ಮದುವೆಯಾಗಿರಲಿಲ್ಲ. ಹೊಸ್ತಿಲಿನಿಂದ ಸರಿಯಲಿಲ್ಲ.

“ನೀವು ಬಂದಿರೋದು ತಪ್ಪಿತಸ್ಥರಾಗೋ, ದೊಡ್ಡ ಮನಸ್ಸಿನವರಾಗೋ? ಬೀದೀಲಿ ಎರಡನೇದೇ ನಡೀತಿದೆ.”

“ಮೊದಲನೇದು ಕಣಮ್ಮ.”

“ಹಾಗಿದ್ರೆ ಒಳಗೆ ಬನ್ನಿ. ಇನ್ನೊಂದು ಜೊತೆ ಕೈ ಬೇಕಿತ್ತು.”

ಎನಾಕ್ ಮಾಮ ಬೋರಲು ಮಲಗಿದ್ದ. ಜೇಬೆಜ್ ಮಂಡಿಯೂರಿ, ಕೊಬ್ಬು ಸವರಿ, ಮೃದುವಾದ ಮೇಲೆ ಒಂದೊಂದೇ ಪುಕ್ಕ ಬಿಡಿಸತೊಡಗಿದ. ಕೆಲವು ಕಡೆ ಪುಕ್ಕದ ಜೊತೆ ಬೇರೆಯೂ ಬಂತು. ಮುದುಕ ಉಸಿರು ಹಿಡಿಯುತ್ತಿದ್ದ, ಬಿಡುತ್ತಿದ್ದ. ಹಾಗೇ ದಿಂಬಿನೊಳಗಿನಿಂದ ಮಾತಾಡಿದ.

“ನೀನು ಹೊತ್ತು ಕಳೀತಿದ್ದೆ ಅಲ್ವೇನೋ ಜೇಬೆಜ್. ಪಾಪ, ನನ್ನ ಉಳಿಸೋಕೆ ನೋಡ್ತಿದಾನೆ ಅಂದ್ಕೊಂಡೆ.”

“ಅದೂ ನಿಜ ಮಾಮ.”

“ಹೇಳಿದೋನೂ ನೀನೇ?”

“ನಾನೇ.”

“ಎರಡೂ ನಿಜ ಆದ್ರೆ ನಿನ್ನನ್ನ ಬೈಯೋದು ಹೇಗೋ.”

ಬೈಯಿರಿ ಎಂದು ಜೇಬೆಜ್ ಬೇಡಿಕೊಂಡ. ಮುದುಕ ಕ್ಷಮಿಸಿದೆ ಎಂದೂ ಅನ್ನಲಿಲ್ಲ, ಕ್ಷಮಿಸುವುದಿಲ್ಲ ಎಂದೂ ಅನ್ನಲಿಲ್ಲ. ಊರಿನವರು ಮುದುಕನ ಹೆಸರನ್ನು ದ್ರೋಹಿಯೆಂದು ಬಾಸ್ಟನ್ ಪತ್ರಿಕೆಯಲ್ಲಿ ಹಾಕಿಸುತ್ತಾರಂತೆ ಎಂದು ಹಲ್ಡಾ ಹೇಳಿದಳು. ಹಾಕಿಸಿದರೆ ಈ ಕರಾವಳಿಯಲ್ಲಿ ಯಾವ ಬಂದರಿನಲ್ಲೂ ಅವರಿಗೆ ಯಾರೂ ಬಾಡಿಗೆಗೆ ಮನೆ ಕೊಡುವುದಿಲ್ಲ, ಹಿಟ್ಟು ಮಾರುವುದಿಲ್ಲ. ಜೇಬೆಜನಿಗೆ ಆಸೆ ಚಿಗುರಿತು. ಯಾರು ಹೇಳಿದ್ದೆಂದು ಗಿಲ್ಬಿಯ ಕೈಯಿಂದಲೇ ಬರೆಸಿ ತರುತ್ತೇನೆ ಎಂದ. ಹಲ್ಡಾ ನಕ್ಕಳು.

“ಸುಂಕದವನು ಬಂದು ಅಪ್ಪ ಹೇಳಿಲ್ಲ ಅಂತ ಬರ್ಕೊಟ್ರೆ ಊರು ಏನಂದ್ಕೊಳ್ಳುತ್ತೆ? ತಮ್ಮೋನನ್ನ ಕಾಪಾಡ್ತಿದಾನೆ ಅಂತ. ಬಿಡಿ, ಥರ್ಲೊ ಅವರೇ. ನೀವು ಹೇಳಬಾರದ ಹೊತ್ತಲ್ಲಿ ಹೇಳಿದ್ದನ್ನ ಸುಂಕದೋನು ನಂಬಿದ, ಹೇಳಬೇಕಾದ್ದನ್ನ ತಡವಾಗಿ ಹೇಳಿದ್ರಿ, ಯಾರೂ ನಂಬಲಿಲ್ಲ. ನಾಳೆ ದೋಣಿ ಇದೆ, ನಾವು ಉತ್ತರಕ್ಕೆ, ರಾಜನ ಪಡೆ ಇರೋ ಹ್ಯಾಲಿಫ್ಯಾಕ್ಸಿಗೆ ಹೋಗ್ತೀವಿ. ಪೆಟ್ಟಿಗೆ ಹೊರೋಕೆ ಯಾರೂ ಬರ್ತಿಲ್ಲ.”

ಮಂಗಳವಾರ ಬೆಳಿಗ್ಗೆ ಜೇಬೆಜ್ ಆ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಮುಖ್ಯ ಬೀದಿಯಲ್ಲೇ ನಡೆದ. ಹಿಂದಿನ ಓಣಿ ಹತ್ತಿರದ ದಾರಿಯಾಗಿತ್ತು. ಬೇಕೆಂದೇ ಅದನ್ನು ಬಿಟ್ಟ. ಯಾರಾದರೂ ಕೆಸರು ಎರಚಲಿ, ಉಗಿಯಲಿ, ಕೊನೆಗೆ ಒಂದು ಕೆಟ್ಟ ಮಾತಾದರೂ ಆಡಲಿ ಎಂದು ಕಾದ. ಹಿಂದೆ ಕಂಬಳಿ ಹೊದ್ದ ಎನಾಕ್ ಮಾಮನನ್ನು ನಡೆಸಿಕೊಂಡು ಹಲ್ಡಾ ಬರುತ್ತಿದ್ದಳು. ಅವರನ್ನು ಕಂಡವರು ಮುಖ ತಿರುಗಿಸಿದರು, ಜೇಬೆಜನನ್ನು ಕಂಡವರು ಟೋಪಿ ತೆಗೆದರು. ಪೆರ್ಲಿ ಕೂಡ ತೆಗೆದ.

ಮುದುಕನನ್ನು ದೋಣಿಗೆ ಇಳಿಸುವಾಗ ಜೇಬೆಜ್ ಕೈಚಾಚಿದ. ಎನಾಕ್ ಮಾಮ ಅದನ್ನು ಹಿಡಿಯಲಿಲ್ಲ. ತೋಳಿನ ನೋವಿಗೋ, ಮನಸ್ಸಿಲ್ಲದೆಯೋ ಎಂದು ಜೇಬೆಜನಿಗೆ ತಿಳಿಯಲಿಲ್ಲ. ಕೇಳುವ ಹಕ್ಕೂ ಅವನಿಗಿರಲಿಲ್ಲ. ಅಂಬಿಗನೇ ಹಿಡಿದು ಇಳಿಸಿಕೊಂಡ. ದೋಣಿ ತಿರುಗಿತು.

ವಾಪಸು ಬರುವಾಗ ರೊಟ್ಟಿ ಸುಡುವ ಮುದುಕಿ ಬಾಗಿಲಿನಿಂದ ಓಡಿಬಂದು, ಅಂಥವನಿಗೂ ಉಪಕಾರ ಮಾಡುವ ಗುಣ ಎಲ್ಲರಿಗೂ ಬರುವುದಿಲ್ಲಪ್ಪ ಎಂದು, ಒಲೆಯಿಂದ ಆಗಷ್ಟೇ ತೆಗೆದ ದೊಡ್ಡ ರೊಟ್ಟಿಯನ್ನು ಅವನ ಕೈಗಿಟ್ಟಳು. ನಾನೇ ಮಾಡಿದ್ದು ಅಜ್ಜಿ, ನಾನೇ ಹೇಳಿದ್ದು ಎಂದ ಜೇಬೆಜ್. ಗೊತ್ತಪ್ಪ ಗೊತ್ತು, ನೀನು ಹಾಗೇ ಅನ್ನುತ್ತೀಯೆ ಎಂದು ಅವಳು ಅವನ ಕೆನ್ನೆ ತಟ್ಟಿದಳು.

ಡಾರ್ಕಸ್ ರೊಟ್ಟಿ ಇಸಿದುಕೊಂಡು ಮೇಜಿನ ಮೇಲಿಟ್ಟಳು. ಎಲ್ಲಿಂದ ಬಂತೆಂದು ಕೇಳಿದಳು, ಅವನು ಹೇಳಿದ. ಅವಳು ಚಾಕು ತರಲಿಲ್ಲ, ಅವನೂ ಕೇಳಲಿಲ್ಲ. ಗುರುವಾರದವರೆಗೆ ಅದು ಅಲ್ಲೇ ಒಣಗಿತು. ಆಮೇಲೆ ಅವಳು ಅದನ್ನು ನೀರಿನಲ್ಲಿ ನೆನೆಸಿ ಹಂದಿಗೆ ಹಾಕಿದಳು. ಅಂಗಡಿಯಲ್ಲಿ ಜೇಬೆಜ್ ಡೀಕನ್ನರ ಆರುನೂರು ಪೀಪಾಯಿಗಳಲ್ಲಿ ಏಳನೆಯದಕ್ಕೆ ಬಳೆ ಬಿಗಿಯುತ್ತಿದ್ದ.